ಏಳನೇ ನಂಬರಿನ ಟೋಪಿ

“ಬಂದ್ರು ನೋಡ್ರೋ, ಕೌನ್ಸಿಲರ್ ಸಾಹೇಬ್ರು!”

ಮೆಕ್ಕೆಜೋಳದ ಹೊಲದ ಆ ತುದಿಯಿಂದ ಯಾರೋ ಕೂಗಿದ್ದೇ ತಡ, ತೆನೆ ಮುರಿಯುತ್ತಿದ್ದ ಇನ್ನೂರು ಜನ ಒಟ್ಟಿಗೆ ಸೊಂಟ ನೆಟ್ಟಗೆ ಮಾಡಿ ನೋಡಿದರು. ನೋಡಿದವರೆಲ್ಲ ನಕ್ಕರು. ಆ ನಗುವಿಗೆ ನೀಲಗಿರಿ ಮರಗಳ ಮೇಲಿದ್ದ ಹಕ್ಕಿಗಳು ಎದ್ದು ಮೊಜಾಂಬಿಕ್ ಗಡಿ ದಾಟಿದವು. ಅರ್ಧದಷ್ಟು ಇವತ್ತಿಗೂ ವಾಪಸ್ ಬಂದಿಲ್ಲ.

ಯಾಕೆಂದರೆ ನಿಜವಾದ ಕೌನ್ಸಿಲರು, ಐದು ದಿನದ ಹಿಂದಷ್ಟೇ ಗೆದ್ದ ವಂಡರ್‌ಫುಲ್ ಚಿತಾಂಬೊ, ಸೋರೆಬುರುಡೆ ತುಂಬ ರಾಗಿ ಹೆಂಡ ಹಿಡಿದುಕೊಂಡು ಮರದ ಕೆಳಗೆ ನಿಂತೇ ಇದ್ದ. ಎತ್ತಿನ ಗಾಡಿಯ ಮೇಲೆ ಕೈ ಬೀಸುತ್ತ ಬರುತ್ತಿದ್ದವನು ನಮ್ಮ ನಿವೃತ್ತ ಸಾರ್ಜೆಂಟ್ ಗಾರಿಕೈ. ಮೈಮೇಲೆ ವಂಡರ್‌ಫುಲ್‌ನದೇ ಗೆರೆಗೆರೆ ಕೋಟು. ಬೆಳಿಗ್ಗೆ ಅವನ ಹೆಂಡತಿ ಒಣಹಾಕಿದ್ದ ತಂತಿಯಿಂದ ಎತ್ತಿದ್ದು. ಕೋಟಿನೊಳಗೆ ಎರಡು ದಿಂಬು, ದಿಂಬಿನ ಮೇಲೊಂದು ಕುಂಬಳಕಾಯಿ. ಕತ್ತಿನಿಂದ ಮೊಣಕಾಲಿನವರೆಗೆ ಇಳಿಬಿದ್ದ ಕೆಂಪು ಟೈ. ಹೊಟ್ಟೆ ಗಾಡಿಗಿಂತ ಅರ್ಧ ಮೈಲಿ ಮುಂದೆ ಬರುತ್ತಿತ್ತು.

“ಲೇ ಸೋಕೊ! ಆ ಕುಂಬಳಕಾಯಿ ನಮ್ಮನೇದು ಕಣೋ, ವಾಪಸ್ ಇಡು!” ವಂಡರ್‌ಫುಲ್ ಅಲ್ಲಿಂದಲೇ ಕೂಗಿದ.

“ಇನ್ನು ಮೇಲೆ ಊರಲ್ಲಿರೋದೆಲ್ಲ ಕೌನ್ಸಿಲರದ್ದೇ ಅಂತ ನೀನೇ ಹೇಳಿದ್ಯಲ್ಲ ಶುಂಬಾ! ಕೌನ್ಸಿಲರು ಈಗ ನಾನು!”

ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನ ಮೂಳೆಗಳನ್ನು ಗೋಣಿಚೀಲದಲ್ಲಿ ಹೊತ್ತೊಯ್ಯಬೇಕಾಗುತ್ತಿತ್ತು. ಆದರೆ ಗಾರಿಕೈ ಕೋತಿಯ ಕುಲದವನು, ಸೋಕೊ; ವಂಡರ್‌ಫುಲ್ ಸಿಂಹದ ಕುಲದವನು, ಶುಂಬಾ. ಈ ಎರಡು ಮನೆತನಗಳು ಮುತ್ತಜ್ಜಂದಿರ ಕಾಲದಿಂದಲೂ ಸಹ್ವಿರಾ. ಸಹ್ವಿರಾ ಆದವನು ಮದುವೆಯಲ್ಲಿ ಮದುಮಗನನ್ನು ಆಡಿಕೊಳ್ಳಬಹುದು, ಸಾವಿನ ಮನೆಯಲ್ಲಿ ಸತ್ತವನ ಗೊರಕೆಯನ್ನು ಅಣಕಿಸಬಹುದು, ಗೆಳೆಯನ ಕೋಟು ತೊಟ್ಟು ಗೆಳೆಯನ ಗುಟ್ಟನ್ನೆಲ್ಲ ಊರಿಗೆ ಸಾರಬಹುದು. ಸಿಟ್ಟಾದವನು ಒಂದು ಮೇಕೆ ದಂಡ ಕೊಡಬೇಕು. ವಂಡರ್‌ಫುಲ್‌ನ ಅಪ್ಪ ಹೀಗೆ ಹದಿನಾಲ್ಕು ಮೇಕೆ ಕಳೆದುಕೊಂಡು, ಕೊನೆಗೆ ಮೂಗಿನ ಮೇಲೆ ನೊಣ ಕೂತರೂ ನಗುತ್ತಿದ್ದ.

ಮೂವತ್ತು ವರ್ಷ ಪೊಲೀಸು ಬೂಟು ಸವೆಸಿದ್ದರೂ ಗಾರಿಕೈಗೆ ಇಂಥ ಒಳ್ಳೆಯ ವಾರಂಟು ಯಾವ ಕೋರ್ಟಿನಲ್ಲೂ ಸಿಕ್ಕಿರಲಿಲ್ಲ. ಇವತ್ತು ಗೆಲುವಿನ ಖುಷಿಗೆ ವಂಡರ್‌ಫುಲ್ ಊರನ್ನೆಲ್ಲ ಮುಯ್ಯಾಳಿನ ಕೊಯ್ಲಿಗೆ ಕರೆದಿದ್ದ. ಟೋಪಿ ಕದ್ದ ಕಳ್ಳ ಯಾರೇ ಇರಲಿ, ಈ ಹೊಲದಲ್ಲೇ ಇದ್ದಾನೆ. ಸಮಯ ಮಾತ್ರ ನಾಲ್ಕು ಗಂಟೆಯವರೆಗೆ.

ಗಾಡಿ ಇಳಿಯುತ್ತಿದ್ದಂತೆ ನಾಫಿರಿ ಅಜ್ಜಿ ಎದುರಾದಳು. ಎರಡು ಅಂಗೈ ಕೂಡಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿ ನಮಸ್ಕಾರ ಮಾಡಿದಳು.

“ದೊಡ್ಡೋರು ಬಂದ್ರು. ಹೆರಿಗೆ ಯಾವಾಗ ಮಗಾ?”

ಗಾರಿಕೈ ಉತ್ತರ ಕೊಡಲು ಬಾಯಿ ತೆರೆದ. ಬಂದದ್ದು ಸೀನು. ಗಾಡಿಯ ಎತ್ತುಗಳು ಎರಡು ಹೆಜ್ಜೆ ಹಿಂದೆ ಸರಿದವು.

ಅವನ ಮೂಗೆಂದರೆ ಸಾಮಾನ್ಯ ಮೂಗಲ್ಲ. ಹರಾರೆಯಲ್ಲಿ ಯಾರಾದರೂ ಈರುಳ್ಳಿ ಹೆಚ್ಚಿದರೆ ಇಲ್ಲಿ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕಳವಾದ ಮೂರು ಬೈಸಿಕಲ್ಲುಗಳನ್ನು ಸರಪಳಿಯ ಎಣ್ಣೆಯ ವಾಸನೆ ಹಿಡಿದೇ ಪತ್ತೆ ಮಾಡಿದ್ದ. ಧೂಳು, ಹೊಗೆ, ಹಸಿಮೆಣಸು ಯಾವುದಕ್ಕೂ ಜಗ್ಗದ ಆ ಮೂಗಿಗೆ ಭೂಮಿಯ ಮೇಲೆ ಒಬ್ಬಳೇ ವೈರಿ: ನಾಫಿರಿ ಅಜ್ಜಿಯ ನಶ್ಯ. ಅದಕ್ಕೆ ಅವಳು ಏನು ಸುಟ್ಟು ಬೆರೆಸುತ್ತಾಳೋ ಅವಳಿಗೇ ಗೊತ್ತು. ಎಂಟು ಹಳ್ಳಿಯಲ್ಲಿ ಅಂಥದ್ದು ಇನ್ನೊಂದಿಲ್ಲ.

“ಟೋಪಿ ಸಿಕ್ತೇನೋ?” ಅಜ್ಜಿ ನಗುತ್ತಲೇ ಕೇಳಿದಳು.

“ಸಿಗುತ್ತೆ ಅಜ್ಜಿ. ಗಾರಿಕೈ ಕೈಗೆ ಸಿಗದ ಟೋಪಿ ಇನ್ನೂ ಹೊಲಿದಿಲ್ಲ.”

ಹೇಳಿದ್ದೇನೋ ಹೇಳಿದ. ಆಮೇಲೆ ನಾಲ್ಕಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ತಲೆ ಎತ್ತಿ ಸೂರ್ಯನನ್ನು ನೋಡಿದ.

ಅದು ಹಳೆಯ ಬಿಳಿ ದೊರೆ ಎಸ್ಟೇಟು ಬಿಟ್ಟು ಹೋಗುವಾಗ ಮರೆತುಹೋದ ಉಣ್ಣೆಯ ಟೋಪಿ. ಎರಡು ವರ್ಷದ ಹಿಂದೆ ಅವನ ಜಮೀನನ್ನು ನಲವತ್ತು ತುಂಡು ಮಾಡಿ ಗೂಟ ಹೊಡೆದಾಗ, ನಲವತ್ತು ನಂಬರುಗಳನ್ನು ಅದೇ ಟೋಪಿಯಲ್ಲಿ ಹಾಕಿ ಊರವರು ಚೀಟಿ ಎತ್ತಿದ್ದರು. ಪ್ರತಿ ಚೀಟಿಯನ್ನೂ ಎರಡಾಗಿ ಹರಿದು, ಅರ್ಧ ಎತ್ತಿದವರ ಕೈಗೆ, ಹೆಬ್ಬೆಟ್ಟು ಒತ್ತಿದ ಇನ್ನರ್ಧ ಟೋಪಿಯ ಅಸ್ತರಿನೊಳಗೆ. ಅಜ್ಜಿಗೆ ಬಂದದ್ದು ಏಳು. ಹೊಳೆಯ ದಂಡೆ, ಕಪ್ಪು ಮಣ್ಣು; ಬೀಜ ಬಿದ್ದರೆ ಅರ್ಧ ಗಂಟೆಯಲ್ಲಿ ಮೊಳಕೆ ಬರುವ ಜಾಗ.

ಆದರೆ ಚೀಟಿ ನೋಡಿ ಪಟ್ಟಿ ಬರೆದ ಗುಮಾಸ್ತ 1ಕ್ಕೆ ಮೂಗು ಎಳೆಯುವವನು, 7ಕ್ಕೆ ಅಡ್ಡಗೆರೆ ಹಾಕಲು ಮರೆಯುವವನು. ಟೈಪು ಮಾಡಿದ ಪಟ್ಟಿಯಲ್ಲಿ ಅಜ್ಜಿಗೆ ಒಂದು ಬಿತ್ತು: ಮೇಕೆಯೂ ಕಾಲಿಡದ ಕಲ್ಲುಗುಡ್ಡ. ಒಂದನ್ನು ಎತ್ತಿದ್ದ ವಂಡರ್‌ಫುಲ್‌ಗೆ ಏಳು. ಅಜ್ಜಿ ತನ್ನ ಅರ್ಧ ಚೀಟಿಯನ್ನು ಜೋಪಾನವಾಗಿ ನಶ್ಯದ ಡಬ್ಬಿಯಲ್ಲಿ ಇಟ್ಟಿದ್ದಳು. ನಶ್ಯ ಶಾಯಿಯನ್ನು ತಿಂದು ತೇಗಿತ್ತು.

ನಲವತ್ತು ವರ್ಷ ಇದೇ ಎಸ್ಟೇಟಿನಲ್ಲಿ ತಂಬಾಕು ಎಲೆ ಪೋಣಿಸಿದವಳು. ಅವಳ ಅಪ್ಪ ಮಲಾವಿಯಿಂದ ನಡೆದು ಬಂದವನೆಂದು ಮತದಾರರ ಪಟ್ಟಿಯಿಂದ ಅವಳ ಹೆಸರು ತೆಗೆದಿದ್ದರು. ಇವತ್ತು ಈ ಹೊಲದಲ್ಲಿ ತೆನೆ ಮುರಿಯುತ್ತಿದ್ದ ಎಲ್ಲರ ಕಿರುಬೆರಳಲ್ಲೂ ಶನಿವಾರದ ನೇರಳೆ ಶಾಯಿ ಇನ್ನೂ ಮಾಸಿರಲಿಲ್ಲ. ಬರಿ ಬೆರಳು ಅವಳೊಬ್ಬಳದೇ. ಈ ದೇಶದಲ್ಲಿ ಅವಳ ಹೆಬ್ಬೆಟ್ಟು ಇರುವ ಒಂದೇ ಕಾಗದ ಆ ಟೋಪಿಯಲ್ಲಿತ್ತು. ಶನಿವಾರ ಓಟು ಎಣಿಸುವಾಗ ಹನ್ನೊಂದು ಓಟು ಮಾಯವಾದವು. ಅದೇ ಸಂಜೆ ಎಸ್ಟೇಟಿನ ಶೆಡ್ಡಿನ ಮೊಳೆಯಲ್ಲಿದ್ದ ಟೋಪಿಯೂ ಮಾಯ. ಇವತ್ತು ನಾಲ್ಕಕ್ಕೆ ಜಮೀನು ಅಧಿಕಾರಿ ಬಂದು ಪಟ್ಟಿಗೆ ಮೊಹರು ಒತ್ತಿದರೆ ಮುಗಿಯಿತು.

ಗಾರಿಕೈ ಗಾಡಿಯ ನೊಗದ ಮೇಲೆ ಹತ್ತಿ ನಿಂತ. ಕೊಯ್ಲಿಗೆ ಬಾರಿಸುತ್ತಿದ್ದ ಡೋಲು ನಿಂತಿತು.

“ನನ್ನ ಪ್ರೀತಿಯ ಮತದಾರರೇ!” ವಂಡರ್‌ಫುಲ್‌ನ ಗೊಗ್ಗರು ದನಿಯನ್ನು ಎಷ್ಟು ಚೆನ್ನಾಗಿ ತೆಗೆದನೆಂದರೆ, ವಂಡರ್‌ಫುಲ್‌ನ ನಾಯಿ ಬಾಲ ಅಲ್ಲಾಡಿಸುತ್ತ ಓಡಿ ಬಂತು. “ನಾನು ಗೆದ್ದಿದ್ದೀನಿ! ನಂಗೆ ಇನ್ನೂರ ಹದಿನಾಲ್ಕು, ಸ್ಪಿವೆ ಟೀಚರಿಗೆ ಇನ್ನೂರ ಹದಿಮೂರು. ಒಂದೇ ಒಂದು ಓಟು! ಅದೂ ನಂದೇ!”

“ಅದನ್ನೂ ಎರಡು ಸಲ ಹಾಕಿರ್ತೀಯಾ!” ಹೆಂಗಸರ ಸಾಲಿನಿಂದ ಒಂದು ದನಿ.

“ಹಾಕೋಣ ಅಂತಲೇ ಇದ್ದೆ ಅತ್ತಿಗೆ, ಬೆರಳೆಲ್ಲಾ ನೇರಳೆ ಆಗೋಯ್ತು!”

ಜನ ತೆನೆಗಳನ್ನು ಎಸೆದು ನಕ್ಕರು. ವಂಡರ್‌ಫುಲ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಗಾರಿಕೈ ಮಾತ್ರ ಕಣ್ಣು ಮಿಟುಕಿಸದೆ ಅವನ ಕಣ್ಣನ್ನೇ ನೋಡುತ್ತಿದ್ದ. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಕಂಡುಕೊಂಡದ್ದು ಇದು: ಮಾಲಿನ ಹೆಸರು ಎತ್ತಿದ ಕೂಡಲೇ ಬಚ್ಚಿಟ್ಟವನ ಕಣ್ಣು ಬಚ್ಚಿಟ್ಟ ಜಾಗಕ್ಕೆ ಒಂದು ಸಲ ಹೋಗಿ ಬರುತ್ತದೆ. ಹಾಗೆ ಒಮ್ಮೆ ಒಬ್ಬನ ಕಣ್ಣು ಹೋದ ಕಡೆ ಅಗೆಸಿ, ಒಂದು ಇಡೀ ಟ್ರ್ಯಾಕ್ಟರನ್ನೇ ಹೊರಗೆ ತೆಗೆಸಿದ್ದ.

“ಆದ್ರೆ ಮತದಾರರೇ, ಕೊಟ್ಟಿದ್ದು ನಾನೂರ ಮೂವತ್ತೆಂಟು ಹಾಳೆ, ಎಣಿಸಿದ್ದು ನಾನೂರ ಇಪ್ಪತ್ತೇಳು. ಹನ್ನೊಂದು ಎಲ್ಲಿ ಹೋಯ್ತು? ಟೀಚರಮ್ಮ ಅವೆಲ್ಲಾ ತನ್ನವೇ ಅಂತಾರೆ. ನಿಜ ಹೇಳ್ಬಿಡ್ಲಾ? ನಾನೇ ತಿಂದೆ! ಸಾದ್ಜಾ ಮುದ್ದೆ ಜೊತೆ ನೆಂಚ್ಕೊಂಡು ತಿಂದೆ!”

ವಂಡರ್‌ಫುಲ್‌ನ ಕಣ್ಣು ಎಲ್ಲಿಗೂ ಹೋಗಲಿಲ್ಲ. ನಗುವಿನಲ್ಲಿ ಮುಚ್ಚಿಯೇ ಹೋಗಿದ್ದವು. ಸಾಲಿನ ಕೊನೆಯಲ್ಲಿ ಸ್ಪಿವೆ ಟೀಚರ್ ಚಪ್ಪಾಳೆ ತಟ್ಟುತ್ತಿದ್ದವಳು ನಡುವೆ ನಿಲ್ಲಿಸಿ, ತೆನೆಯೊಂದರ ಸಿಪ್ಪೆ ಬಿಡಿಸತೊಡಗಿದಳು. ಪಾಪ, ಸೋತವಳಿಗೆ ಆ ಮಾತು ನಾಟಿರಬೇಕು ಎಂದುಕೊಂಡ ಗಾರಿಕೈ. ಹನ್ನೊಂದು ಓಟು ಹುಡುಕಿಕೊಡಿ ಎಂದು ಅವಳೇ ಅಲ್ಲವೇ ಅವನಿಗೆ ಒಂದು ಹುಂಜ ಕೊಟ್ಟಿದ್ದು? ಆ ಹುಂಜ ಸಾರಾಗಿ ಮೂರು ದಿನವಾಗಿತ್ತು.

“ಇನ್ನು ಟೋಪಿ!” ಅವನು ಕುಂಬಳಕಾಯಿಯನ್ನು ಒಂದು ಸಲ ಮೇಲಕ್ಕೆತ್ತಿಕೊಂಡ. “ದೊರೆ ಟೋಪಿ! ಅದನ್ನೂ ನಾನೇ ಕದ್ದೆ. ಯಾಕೆ ಅಂತೀರಾ? ಏಳನೇ ನಂಬರಿಗೋಸ್ಕರ!”

“ಅಯ್ಯೋ, ಸಾಯಿಸ್ತಾನೆ ಇವ್ನು!” ವಂಡರ್‌ಫುಲ್ ಮರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡ. “ಹುಡುಕೋ ಸೋಕೊ! ಮನೆ ಹುಡುಕು, ಕಣಜ ಹುಡುಕು, ನಿನ್ನ ಅತ್ತಿಗೆ ಪೆಟ್ಟಿಗೆ ಹುಡುಕು! ಆ ಟೋಪೀಲಿ ಅಜ್ಜಿ ಹೆಬ್ಬೆಟ್ಟಿರೋ ಏಳು ಸಿಕ್ರೆ, ಹೊಳೆ ದಂಡೆ ಅಜ್ಜೀದೇ. ಇಷ್ಟು ಜನದ ಮುಂದೆ ಹೇಳ್ತಿದೀನಿ, ಆಮೇಲೆ ಬೇಕಾದ್ರೆ ನನ್ನ ಮೀಸೆ ಬೋಳಿಸು!”

“ನಿಂಗೆ ಮೀಸೆ ಇಲ್ವಲ್ಲೋ!”

“ಅದಕ್ಕೇ ಹೇಳ್ದೆ!”

ಹೊಲಕ್ಕೆ ಹೊಲವೇ ಉರುಳಾಡಿತು. ಗಾರಿಕೈ ನಗಲಿಲ್ಲ. ಈ ಮನುಷ್ಯ ಕದ್ದಿಲ್ಲ. ಕದ್ದವನು ಹೀಗೆ ಹೊಟ್ಟೆ ತುಂಬ ನಗಲಾರ. ಐದು ದಿನದಿಂದ ಅವನು ಕಟ್ಟಿದ್ದ ಲೆಕ್ಕಾಚಾರವೆಲ್ಲ, ಎತ್ತು ಒದ್ದ ಬಕೆಟ್ಟಿನಂತೆ ಉರುಳಿತು.

ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಇನ್ನೂರು ನಗುಗಳಲ್ಲಿ ಒಂದು ಕಡಿಮೆಯಾಗಿತ್ತು. ಬೆಳಗಿನಿಂದ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ನಾಫಿರಿ ಅಜ್ಜಿ ಸುಮ್ಮನಾಗಿದ್ದಳು. ಅವಳ ಕಣ್ಣು ಹೊಲದ ನಡುವೆ ನಿಂತ ಬೆರ್ಚಪ್ಪನ ಕಡೆ ಹೋಗಿ, ಹೋದಷ್ಟೇ ಬೇಗ ವಾಪಸ್ ಬಂತು.

ಗಾರಿಕೈ ನೊಗದಿಂದ ಹಾರಿದ. ಹಾರಿದ ರಭಸಕ್ಕೆ ಕುಂಬಳಕಾಯಿ ನೆಲಕ್ಕೆ ಬಿದ್ದು ಹೋಳಾಯಿತು.

“ಮತದಾರರೇ! ಗೆದ್ದೋನು ಪ್ರಮಾಣ ವಚನ ತಗೋಬೇಕು ತಾನೇ? ಈ ಊರಲ್ಲಿ ಲಂಚ ತಿನ್ನದೇ ಇರೋ ಒಬ್ಬನೇ ಒಬ್ಬ ಅಧಿಕಾರಿ ಮುಂದೆ ತಗೋತೀನಿ!”

ಅವನು ಟೈ ಎಳೆದಾಡಿಸುತ್ತ ಬೆರ್ಚಪ್ಪನ ಮುಂದೆ ಹೋಗಿ ಸೆಲ್ಯೂಟು ಹೊಡೆದ. ಡೋಲು ಬಾರಿಸಿದರು. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಕೂಗಿದರು.

ಬೆರ್ಚಪ್ಪ ವಂಡರ್‌ಫುಲ್‌ನ ಹೊಲದ ವೈಭವಕ್ಕೆ ತಕ್ಕಂತಿದ್ದ: ಎರಡಾಳೆತ್ತರ, ಹರಿದ ಕಂಬಳಿ, ತಲೆಗೆ ಗೊಬ್ಬರದ ಚೀಲ ಸುತ್ತಿ, ಮೇಲೆ ಗಿನಿಕೋಳಿಯ ಪುಕ್ಕ ಚುಚ್ಚಿತ್ತು. ಗಾರಿಕೈ ತುದಿಗಾಲಲ್ಲಿ ನಿಂತು ಚೀಲ ಎಳೆದ. ಒಳಗೆ ಬೂದು ಬಣ್ಣದ ಉಣ್ಣೆಯ ಟೋಪಿ.

ಟೋಪಿಯನ್ನು ಕೈಗೆ ತೆಗೆದುಕೊಂಡವನ ಮೂಗು ಚುರುಗುಟ್ಟಿತು. ನಶ್ಯ. ಸಂಶಯವೇ ಇಲ್ಲ, ಅದೇ ನಶ್ಯ. ಅವನು ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳನ್ನು ಅಸ್ತರಿನೊಳಗೆ ತೂರಿಸಿದ. ಕಾಗದ ಸರಸರ ಎಂದಿತು. ಅರ್ಧ ಚೀಟಿಗಳು, ಒಂದು ದಪ್ಪ ಕಟ್ಟು. ಮೇಲಿನದರಲ್ಲೇ ಅಡ್ಡಗೆರೆ ಎಳೆದ ಏಳು. ಕೆಳಗೆ ಅಜ್ಜಿಯ ಹೆಬ್ಬೆಟ್ಟು, ಎಲೆ ಪೋಣಿಸಿ ಪೋಣಿಸಿ ಗೆರೆ ಸವೆದ ಹೆಬ್ಬೆಟ್ಟು.

ಅವನಿಗೆ ಕುಣಿಯಬೇಕೆನಿಸಿತು. ಕುಣಿಯಲು ಕಾಲೆತ್ತಿಯೂ ಆಗಿತ್ತು. ಅಷ್ಟರಲ್ಲಿ ಬೆರಳಿಗೆ ಬೇರೊಂದು ಕಾಗದ ತಗುಲಿತು. ನುಣುಪು, ಮಡಚಿದ್ದು. ಅಂಚಷ್ಟನ್ನೇ ಹೊರಗೆಳೆದು ನೋಡಿದ.

ಮತಪತ್ರ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಮುಟ್ಟಿ ಎಣಿಸಿದ: ಹನ್ನೊಂದು. ಗುರುತು ಬಿದ್ದದ್ದು ಟೀಚರಮ್ಮನ ಚಿಹ್ನೆ ಲಾಟೀನಿಗಲ್ಲ. ಮಡಿಕೆ ಸರಿಸಿ ನೋಡಿದವೆಲ್ಲ ನೇಗಿಲಿಗೇ, ವಂಡರ್‌ಫುಲ್‌ನ ನೇಗಿಲಿಗೆ.

ಅಂದರೆ ಕಳ್ಳ ದೋಚಿದ್ದು ಸೋತವಳ ಓಟನ್ನಲ್ಲ, ಗೆದ್ದವನದನ್ನು! ಹನ್ನೆರಡು ಓಟಿನಿಂದ ರಾಜನಂತೆ ಗೆದ್ದವನನ್ನು ಒಂದು ಓಟಿನ ಕಳ್ಳನನ್ನಾಗಿ ಮಾಡಿಟ್ಟಿದ್ದರು.

“ಮಗಾ.” ಪಕ್ಕದಲ್ಲಿ ಅಜ್ಜಿ ಬಂದು ನಿಂತಿದ್ದಳು. ಟೋಪಿ ಮುಟ್ಟುವ ನೆಪದಲ್ಲಿ ಅವನ ಕಿವಿಗೆ ಬಾಯಿ ಇಟ್ಟಳು. “ಕಾಪಾಡೋಕೆ ನಾನೇ ತಂದು ಇಲ್ಲಿಟ್ಟಿದ್ದು ಕಣೋ. ಗೆದ್ದ ಅಮಲಲ್ಲಿ ಸುಟ್ಟುಬಿಡ್ತಾನೇನೋ ಅಂತ ಹೆದರಿಕೆ ಆಯ್ತು. ಅವನ ಹೊಲದಲ್ಲಿ ಅವನು ಹುಡುಕಲ್ಲ ನೋಡು. ಅಧಿಕಾರಿ ಬಂದಾಗ ನಾನೇ ತೆಗೀತಿದ್ದೆ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ? ಐದು ದಿನದಿಂದ ಇರೋ ಬರೋ ಕೋಳಿಗೂಡಿಗೆಲ್ಲ ತಲೆ ಹಾಕಿದೀನಿ!”

“ನಿನ್ನ ಬಾಯಿಗೆ ಬಾಗಿಲೇ ಇಲ್ವಲ್ಲೋ.”

“ಸರಿ. ಈ ಓಟುಗಳನ್ನ ಯಾಕೆ ತುರುಕಿದೆ?”

“ಯಾವ ಓಟು?”

ಗಾರಿಕೈ ಅವಳ ಮುಖ ನೋಡಿದ. ಅವಳ ಕಣ್ಣು ಯಾವ ಕಡೆಯೂ ಓಡಲಿಲ್ಲ. ಅವನ ಮೇಲೇ ನಿಂತಿತ್ತು, ಬೆಪ್ಪಾಗಿ. “ಹೆಬ್ಬೆಟ್ಟು ಬಿಟ್ಟು ಬೇರೇನೂ ಇರ್ಲಿಲ್ಲ ಮಗಾ, ನಿನ್ನಾಣೆ. ಯಾವ ಓಟು?”

ಅವನು ಮತಪತ್ರದ ಅಂಚನ್ನು ಬೆರಳಿನಿಂದ ಸವರಿದ. ಅದಕ್ಕೆ ನಶ್ಯದ ಸೋಂಕೇ ಇರಲಿಲ್ಲ. ಬೆರಳ ತುದಿಗೆ ತೆಳ್ಳಗೆ ಬಿಳಿ ಪುಡಿ ಅಂಟಿತು. ಜೋಳದ ಹಿಟ್ಟೋ? ಸೀಮೆಸುಣ್ಣವೋ? ಅಜ್ಜಿ ಬಚ್ಚಿಟ್ಟಿದ್ದನ್ನು ನೋಡಿದವರು ಇನ್ನೊಬ್ಬರಿದ್ದಾರೆ. ನೋಡಿ, ಸುಮ್ಮನಿದ್ದು, ಆಮೇಲೆ ಬಂದು ತಮ್ಮ ಗಂಟನ್ನು ಮುದುಕಿಯ ಗಂಟಿನೊಳಗೆ ಸೇರಿಸಿ ಹೋಗಿದ್ದಾರೆ.

ಅವನು ತಲೆ ಎತ್ತಿ ಸಾಲಿನ ಕೊನೆ ನೋಡಿದ. ಸ್ಪಿವೆ ಟೀಚರ್ ನಿಂತಿದ್ದ ಜಾಗದಲ್ಲಿ ಅರ್ಧ ಸುಲಿದ ತೆನೆಯೊಂದು ಬಿದ್ದಿತ್ತು.

ಅದೇ ಹೊತ್ತಿಗೆ ಹಾರ್ನು. ಕೆಂಪು ಧೂಳಿನ ಬೆಟ್ಟವನ್ನೇ ಎಳೆದುಕೊಂಡು ಅಧಿಕಾರಿಯ ಜೀಪು ಹೊಲದ ಬದುವಿಗೆ ಬಂದು ನಿಂತಿತು. ಇಸ್ತ್ರಿ ಮಾಡಿದ ಅಂಗಿಯ ಹೆಂಗಸೊಬ್ಬಳು ಇಳಿದಳು. ಕಂಕುಳಲ್ಲಿ ಪಟ್ಟಿ, ಕೈಯಲ್ಲಿ ಮೊಹರಿನ ಡಬ್ಬಿ.

“ಚೀಟಿ ಎತ್ತಿದ ಟೋಪಿ ಇದೇನಾ? ಸಿಕ್ತಾ? ಒಳ್ಳೇದಾಯ್ತು. ಕೊಡಿ ಇಲ್ಲಿ, ಎಲ್ಲರೆದುರೇ ತೆಗೆಯೋಣ.”

“ಕೊಡೋ ಸೋಕೊ,” ಎಂದ ವಂಡರ್‌ಫುಲ್, ಹೆಂಡದ ಬುರುಡೆ ಸಮೇತ ಹತ್ತಿರ ಬಂದು. ಅವನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ತುಸು ತಣ್ಣಗಾಗಿತ್ತು. “ನನ್ನ ಬೆರ್ಚಪ್ಪನ ತಲೆ ಮೇಲೆ ಕೂರಿಸಿದ್ಯಾರು ಇದನ್ನ? ನನ್ನ ಹೆಸರು ಕೆಡಿಸೋಕೆ ತಾನೇ?”

ಗಾರಿಕೈ ಟೋಪಿಯನ್ನು ಎದೆಗೆ ಒತ್ತಿ ಹಿಡಿದ. ಕೊಟ್ಟರೆ ಏಳು ಹೊರಬರುತ್ತದೆ, ಜೊತೆಗೆ ಹನ್ನೊಂದೂ. ಟೋಪಿ ಕದ್ದವಳು ನಾನೇ ಎಂದು ಈ ಮುದುಕಿ ಸತ್ಯವನ್ನೇ ಹೇಳುತ್ತಾಳೆ. ಓಟಿನ ವಿಷಯ ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ. ಓಟಿಲ್ಲದವಳು ಓಟು ಕದ್ದಳು ಎಂದರೆ ಹೊಳೆಯ ದಂಡೆ ಹಾಗಿರಲಿ, ಕಲ್ಲುಗುಡ್ಡವೂ ಉಳಿಯುವುದಿಲ್ಲ. ಕೊಡದಿದ್ದರೆ ಮೊಹರು ಬೀಳುತ್ತದೆ.

ಹುಟ್ಟಿದ ದಿನವೇ ಸೂಲಗಿತ್ತಿಗೆ ಎದುರು ಮಾತಾಡಿದ್ದ ಗಾರಿಕೈ ಏನಾದರೊಂದು ನೆಪ ಹೇಳಲು ಬಾಯಿ ತೆರೆದ. ಉಸಿರು ಎಳೆದುಕೊಂಡ. ಎಳೆದುಕೊಂಡಿದ್ದೇ ತಪ್ಪಾಯಿತು. ಎದೆಗೊತ್ತಿದ ಟೋಪಿಯ ನಶ್ಯವೆಲ್ಲ ಮೂಗಿಗೆ ಹೋಯಿತು.

ಆ ಸೀನನ್ನು ಏನೆಂದು ಹೇಳುವುದು! ಜೀಪಿನ ಗಾಜು ಗಡಗಡ ನಡುಗಿತು. ಬೆರ್ಚಪ್ಪನ ಒಂದು ತೋಳು ಕಳಚಿತು. ಟೋಪಿ ಆಕಾಶಕ್ಕೆ ಹಾರಿ, ಅದರ ಹೊಟ್ಟೆ ಬಿಚ್ಚಿಕೊಂಡು, ಚೀಟಿ ಮತಪತ್ರ ಎಲ್ಲ ಒಂದಾಗಿ ಮೇ ತಿಂಗಳ ಗಾಳಿಯಲ್ಲಿ ಹೊಲದ ತುಂಬ ಹರಡಿದವು.

“ನಂದು ಹದಿಮೂರು! ಹಿಡಿ ಹಿಡಿ!”

“ಲೇ, ಇಪ್ಪತ್ತೆರಡು ನಂದು ಕಣೋ, ತುಳೀಬೇಡ!”

ಇನ್ನೂರು ಜನ ಕೇಕೆ ಹಾಕುತ್ತ ಕಾಗದಗಳ ಹಿಂದೆ ಓಡಿದರು. ಸಂಭ್ರಮಕ್ಕೆ ಡೋಲು ತಾನಾಗಿಯೇ ಬಾರಿಸತೊಡಗಿತು. ನಾಯಿ ಒಂದು ನಂಬರನ್ನು ಬಾಯಲ್ಲಿ ಕಚ್ಚಿಕೊಂಡು ಹೊಳೆಯ ಕಡೆ ಓಡಿತು. ಅಧಿಕಾರಿಯಮ್ಮನೂ ಪಟ್ಟಿಯನ್ನು ಜೀಪಿನ ಮೇಲಿಟ್ಟು ಎರಡು ಕೈಯಲ್ಲಿ ಗಾಳಿ ಹಿಡಿಯುತ್ತಿದ್ದಳು.

ಓಡದೆ ನಿಂತವರು ಮೂವರೇ.

ವಂಡರ್‌ಫುಲ್‌ನ ಎದೆಗೆ ಬಂದು ಬಡಿದ ಹಾಳೆಯನ್ನು ಅವನು ನಿಧಾನವಾಗಿ ಬಿಡಿಸಿದ. ನೇಗಿಲು. ಅದರ ಮುಂದೆ ಗುರುತು. ಅವನ ತುಟಿ ಅಲ್ಲಾಡಿತು. ತಾನು ಎಷ್ಟರಿಂದ ಗೆದ್ದೆ ಎಂಬುದನ್ನು ಹೊಸದಾಗಿ ಕೂಡುತ್ತಿದ್ದನೇನೋ. ನಗು ಪೂರ್ತಿ ಹೋಗಿತ್ತು.

ಇನ್ನೊಂದು ಚಿಕ್ಕ ಚೀಟಿ ತೇಲಿ ತೇಲಿ ಅವನ ಕಾಲ ಬಳಿ ಬಿತ್ತು. ಅಡ್ಡಗೆರೆ ಎಳೆದ ಏಳು. ಅವನು ಅದನ್ನು ನೋಡಿದ. ಅಜ್ಜಿ ನೋಡಿದಳು. ಗಾರಿಕೈ ಒಂದು ಹೆಜ್ಜೆ ಮುಂದಿಟ್ಟ.

ಅದಕ್ಕಿಂತ ಮೊದಲು ವಂಡರ್‌ಫುಲ್‌ನ ಬೂಟು ಚೀಟಿಯ ಮೇಲೆ ಕೂತಿತು. ಮೆತ್ತಗೆ, ಹರಿಯದ ಹಾಗೆ.

ಅವನು ಮತಪತ್ರವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಸೀನಿಗೆ ಹಾರಿದ ನಶ್ಯ ಈಗ ಅದಕ್ಕೂ ಮೆತ್ತಿತ್ತು. ಆಮೇಲೆ ಅಜ್ಜಿಯ ಸೊಂಟದಲ್ಲಿದ್ದ ನಶ್ಯದ ಡಬ್ಬಿಯನ್ನು ನೋಡಿದ.

“ಈಗ ನಿಜ ಹೇಳು ಅಜ್ಜೀ,” ಎಂದ. “ಕೈಯಲ್ಲಿರೋದು, ಕಾಲಡಿ ಇರೋದು, ಇವೆರಡರಲ್ಲಿ ನಿಂದು ಯಾವ್ದು?”